ಒಂದು ಪೆನ್ನಿಯ ದಪ್ಪ

"ಯಾವ್ದಾದ್ರೂ ಸರಿ. ಬೇಗ ಆಗೋದನ್ನ ಮಾಡ್ಕೊಡು" ಅಂದ ಲೆಲ್ಯಾಂಡ್ ಸ್ಕಾರ್.

ಆರ್ವಿಲ್‌ನ ಕೈಯಲ್ಲಿದ್ದ ಅರ ಅಲ್ಲೇ ನಿಂತಿತು. ಮೊಂಟಾನಾದ ಈ ಊರಿನಲ್ಲಿ ನಲವತ್ತು ವರ್ಷದಿಂದ ಕೋವಿ ಮಾಡಿಕೊಡುವವನು ಅವನು. ಯಾವ ತೋಟಾಕ್ಕೆ ಹೊಂದುವಂತೆ ಮಾಡಲಿ ಎಂದು ಕೇಳಿದರೆ ಇಲ್ಲಿನ ಗಂಡಸರು ವಾರಗಟ್ಟಲೆ ತಲೆ ತಿನ್ನುತ್ತಾರೆ. ಟ್ರಿಪಲ್ ಟೂ ಅನ್ನುವ ತೋಟಾಕ್ಕೂ ಟೂ ಟ್ವೆಂಟಿತ್ರೀ ಅನ್ನುವ ತೋಟಾಕ್ಕೂ ಗುಂಡಿನ ದಪ್ಪ ಒಂದೇ. ಹಿತ್ತಾಳೆ ಕೊಳವೆಯ ಉದ್ದದಲ್ಲಿ ಒಂದು ಪೆನ್ನಿ ನಾಣ್ಯದ ದಪ್ಪದಷ್ಟು ವ್ಯತ್ಯಾಸ. ಅಷ್ಟಕ್ಕೇ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಲೆಲ್ಯಾಂಡನಂತೂ ಟ್ರಿಪಲ್ ಟೂ ಪರವಾಗಿ ಪಾದ್ರಿಯ ಜೊತೆಗೂ ಜಗಳ ತೆಗೆದವನು. ಅಂಥವನ ಬಾಯಲ್ಲಿ 'ಯಾವ್ದಾದ್ರೂ ಸರಿ'!

ಈ ಮಾತನ್ನು ಆರ್ವಿಲ್ ಹಿಂದೆ ಒಂದೇ ಒಂದು ಸಲ ಕೇಳಿದ್ದ. ಗಸ್ ಬ್ರೆಕ್ಕೆ ಎಂಬವನು ಅಂದಿದ್ದ. ಪುಣ್ಯಾತ್ಮ, ತಲೆ ಕೊರೆಯಲಿಲ್ಲವಲ್ಲ ಎಂದು ಖುಷಿಪಟ್ಟು ಆರ್ವಿಲ್ ಬೇಗ ಬೇಗ ಮಾಡಿ ಕೊಟ್ಟುಬಿಟ್ಟ. ಗಸ್ ಶುಕ್ರವಾರ ಕೋವಿ ಒಯ್ದ. ಮುಂದಿನ ಮಂಗಳವಾರ ಊರಿಗೆ ಊರೇ ಕಪ್ಪು ಬಟ್ಟೆ ತೊಟ್ಟು ಚರ್ಚಿನಲ್ಲಿ ಕೂತಿತ್ತು. ಆ ಕೋವಿಯಿಂದ ಅವನು ತನ್ನ ಪ್ರಾಣವನ್ನೇ ತೆಗೆದುಕೊಂಡಿದ್ದ.

ಲೆಲ್ಯಾಂಡನ ಹೆಂಡತಿ ಆರ್ಡಿಸ್ ಸತ್ತು ಐದು ವಾರವಾಗಿತ್ತು. ಇವನಿಗೆ ಜ್ವರವೆಂದು ಔಷಧಿ ತರಲು ಹೋದವಳು ಹಿಮಗಟ್ಟಿದ ರಸ್ತೆಯಲ್ಲಿ ಟ್ರಕ್ಕಿನ ಸಮೇತ ಮಗುಚಿದ್ದಳು. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡು ಎದುರಿಗೆ ಕೂತಿದ್ದ ಗೆಳೆಯನನ್ನು ನೋಡುತ್ತಾ ಆರ್ವಿಲ್ ಅರವನ್ನು ಕೆಳಗಿಟ್ಟ.

"ಬೇಗ ಎಲ್ಲಾ ಆಗಲ್ಲ ಕಣೋ" ಅಂದ. "ಮೊದ್ಲು ಮನೇಲಿರೋ ಕೋವಿ ಅಷ್ಟನ್ನೂ ತಂದು ಇಲ್ಲಿಡು. ಒಂದೊಂದ್ರದ್ದೂ ಅಳತೆ ತಗೀಬೇಕು. ಇದರ ತೋಟಾ ಅದಕ್ಕೆ ತುಂಬಿ ಮೋರೆ ಸುಟ್ಕೊಂಡ್ರೆ ನನ್ನ ತಲೆಗೆ ಬರುತ್ತೆ. ನೀನು ಯಾವ್ದು ಅಂತ ಹೇಳೋವರೆಗೂ ಅವು ನನ್ನ ಬೀರುವಿನಲ್ಲೇ ಇರ್ತವೆ. ಇದು ನನ್ನ ನಿಯಮ."

"ಯಾವತ್ತಿಂದ?"

"ನಿನ್ನಂಥ ಮುಠ್ಠಾಳರು ಜಾಸ್ತಿ ಆದಾಗಿಂದ."

"ಕಯೋಟಿ ತೋಳ ಕರು ಹಿಡಿಯೋಕೆ ಬಂದ್ರೆ? ಕಲ್ಲು ಹೊಡೀಲಾ?"

"ನಿನ್ನ ಮೂತಿ ತೋರ್ಸು ಸಾಕು, ಓಡುತ್ತೆ."

ಲೆಲ್ಯಾಂಡ್ ನಗಲಿಲ್ಲ. ಆದರೆ ಮರುದಿನ ಹಳೇ ಕಂಬಳಿಯಲ್ಲಿ ಸುತ್ತಿ ನಾಲ್ಕು ಕೋವಿ ತಂದಿಟ್ಟ. ಆರ್ವಿಲ್ ಅವನ್ನು ಉಕ್ಕಿನ ಬೀರುವಿಗೆ ಸೇರಿಸಿ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಆ ದಿನ ಅವನಿಗೆ ಊಟ ಸೇರಿತು.

ಅಲ್ಲಿಂದ ಮುಂದೆ ಪ್ರತಿ ಮಂಗಳವಾರ ಲೆಲ್ಯಾಂಡನನ್ನು ಅಂಗಡಿಗೆ ಕರೆದು ವಾದ. ಆರ್ವಿಲ್ ಜೀವಮಾನದಲ್ಲೇ ಟೂ ಟ್ವೆಂಟಿತ್ರೀಯನ್ನು ಮೆಚ್ಚಿದವನಲ್ಲ. ಈಗ ಅದರ ಗುಣಗಾನಕ್ಕೆ ನಿಂತ. ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ, ಅಗ್ಗ, ಗಾಳಿಗೆ ಜಗ್ಗಲ್ಲ ಎಂದು ಬಾಯಿಗೆ ಬಂದದ್ದು ಹೇಳಿದ. ಮೊದಮೊದಲು ಲೆಲ್ಯಾಂಡ್ ಕಾಫಿ ಲೋಟ ನೋಡುತ್ತಾ "ಸರಿ ಹಾಗಾದ್ರೆ, ಅದೇ ಮಾಡು" ಅನ್ನುತ್ತಿದ್ದ. "ಈ ತರ ಹೇಳಿದ್ರೆ ನಾನು ಮಾಡಲ್ಲ" ಎಂದು ಆರ್ವಿಲ್ ಕಳಿಸಿಬಿಡುತ್ತಿದ್ದ. ಜೂನಿನಲ್ಲಿ ಒಂದು ದಿನ ಲೆಲ್ಯಾಂಡ್ "ನಿಂಗೆ ತಲೆ ಕೆಟ್ಟಿದೆ" ಅಂದ. ಆರ್ವಿಲ್ ಹಿಂದಿನ ಕೋಣೆಗೆ ಹೋಗಿ ಕಣ್ಣೊರೆಸಿಕೊಂಡು ಬಂದ.

ಅಕ್ಟೋಬರಿನ ಒಂದು ಮಂಗಳವಾರ ಲೆಲ್ಯಾಂಡ್ ಬಾಗಿಲಲ್ಲೇ ಶುರುಮಾಡಿದ. "ಟ್ರಿಪಲ್ ಟೂ! ತೀರ್ಮಾನ ಆಯ್ತು. ಇನ್ನೊಂದ್ಸಲ ಆ ದರಿದ್ರ ಟೂ ಟ್ವೆಂಟಿತ್ರೀ ಹೆಸರೆತ್ತಿದ್ರೆ ಹಲ್ಲು ಉದುರಿಸ್ತೀನಿ." ಅಂಗಿಯ ಗುಂಡಿಗಳು ನೆಟ್ಟಗಿದ್ದವು. ಆರ್ವಿಲ್ ಪೆಟ್ಟಿಗೆಯಿಂದ ನಳಿಕೆ ಕೊರೆಯುವ ರೀಮರ್ ತೆಗೆದ.

"ನಿಲ್ಲು" ಅಂದ ಲೆಲ್ಯಾಂಡ್. "ಕೊರೆಯೋಕೆ ಮುಂಚೆ ಮನೇಲಿರೋದೆಲ್ಲಾ ಅಳೀಬೇಕು ಅಂದಿದ್ಯಲ್ಲ." ಹೊರಗೆ ಹೋಗಿ ಟ್ರಕ್ಕಿನಿಂದ ಒಂದು ಹೆಂಗಸಿನ ಚಳಿಕೋಟು ತಂದು ಮೇಜಿನ ಮೇಲೆ ಬಿಚ್ಚಿದ. ಒಳಗೊಂದು ಸಣ್ಣ ಕೋವಿ.

ಆರ್ಡಿಸಳದು. ಈ ಸೀಮೆಯಲ್ಲಿ ಕರು ಸಾಕುವ ಪ್ರತಿ ಹೆಂಗಸಿಗೂ ಅಡುಗೆಮನೆ ಬಾಗಿಲ ಹಿಂದೆ ಒಂದು ಕೋವಿ ಇರುತ್ತದೆ. ಊರಿನ ಮಕ್ಕಳಿಗೂ ಗೊತ್ತು. ನಲವತ್ತು ವರ್ಷ ಇದೇ ಕಸುಬು ಮಾಡಿದ ಆರ್ವಿಲ್ ಗಂಡಸಿನ ಕೋವಿಗಳನ್ನಷ್ಟೇ ಎಣಿಸಿ, ಜೇಬಿನ ಕೀಲಿ ಮುಟ್ಟಿಕೊಂಡು ಆರು ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡಿದ್ದ!

ಅವನು ಬೋಲ್ಟ್ ಎಳೆದ. ಒಂದು ತೋಟಾ ಅಂಗೈಗೆ ಬಿತ್ತು. ಅದರ ಹಿತ್ತಾಳೆ ಮಾಸಿ ಕಪ್ಪಿಟ್ಟಿತ್ತು.

"ಏಪ್ರಿಲ್‌ನಲ್ಲಿ ತುಂಬಿದ್ದು" ಅಂದ ಲೆಲ್ಯಾಂಡ್, ಕಿಟಕಿಯ ಕಡೆ ನೋಡುತ್ತಾ. "ಪ್ರತಿ ಸೋಮವಾರ ರಾತ್ರಿ ಅದನ್ನ ಕೈಗೆ ತಗೋತಿದ್ದೆ. ಆಮೇಲೆ ಅನ್ನಿಸೋದು, ನಾಳೆ ನಾನು ಹೋಗ್ದೇ ಇದ್ರೆ ಆ ಮುಠ್ಠಾಳ ಟೂ ಟ್ವೆಂಟಿತ್ರೀನೇ ಕೊರೆದುಬಿಡ್ತಾನೆ ಅಂತ."

ಆರ್ವಿಲ್ ಆ ತೋಟಾವನ್ನು ಜೇಬಿಗೆ ಹಾಕಿಕೊಂಡ. ರೀಮರನ್ನು ವಾಪಸ್ಸು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ.

"ಯಾಕೋ ನಂಗೆ ಇನ್ನೂ ಟೂ ಟ್ವೆಂಟಿತ್ರೀನೇ ವಾಸಿ ಅನ್ಸುತ್ತೆ ಕಣೋ" ಅಂದ.