ಗೌಹರಬಾಯಿಯ ಷರತ್ತು

"ದೀಪ ಹಚ್ಚೋರೆಲ್ಲ ಬರಿಗಾಲಾಗ ವೇದಿಕಿ ಹತ್ತಬೇಕಂತ್ರಿ. ಇಲ್ಲಾಂದ್ರ ಗೌಹರಬಾಯಿ ಕಾರಿನಿಂದ ಇಳಿಯಂಗಿಲ್ಲಂತ."

ಕಾರ್ಯದರ್ಶಿ ನಾಗರತ್ನಾ ಹೀಗೆಂದಾಗ ಸನ್ಮಾನ ಸಮಿತಿಯ ಅಧ್ಯಕ್ಷ ಶಂಕ್ರಪ್ಪನವರ ಮುಖ ಹರಳೆಣ್ಣೆ ಕುಡಿದಂತಾಯಿತು. ಅವರ ಎಡಗಾಲು ಹುಟ್ಟಿನಿಂದಲೇ ಬಲಗಾಲಿಗಿಂತ ಎರಡು ಬೆರಳಿನಷ್ಟು ಗಿಡ್ಡ. ಸವಣೂರಿನಲ್ಲಿ ಹೇಳಿ ಮಾಡಿಸಿದ ಚಪ್ಪಲಿ, ನೆಲ ಗುಡಿಸುವ ಧೋತರ, ಇವೆರಡರ ಪುಣ್ಯದಿಂದ ಹಾನಗಲ್ಲಿನಲ್ಲಿ ಅದನ್ನು ಗಮನಿಸಿದವರೇ ಕಡಿಮೆ. ಎಪ್ಪತ್ತೆರಡರ ವಯಸ್ಸಿನಲ್ಲಿ ಊರೆದುರು ಕುಂಟಬೇಕೆಂದರೆ ಯಾರಿಗೆ ತಾನೇ ಸೇರೀತು?

ಬೇರೆ ದಾರಿಯೂ ಇರಲಿಲ್ಲ. ಸವಣೂರು, ಶಿಗ್ಗಾಂವಿ, ಹಿರೇಕೆರೂರಿನ ಸನ್ಮಾನಗಳಲ್ಲೂ ಆಕೆ ಇದೇ ಷರತ್ತು ಹಾಕಿದ್ದಳಂತೆ. ಮೂರೂ ಕಡೆ ತಲೆ ಬಗ್ಗಿಸಿ, ದೊಡ್ಡವರ ಪಾದಗಳನ್ನಷ್ಟೇ ನೋಡುತ್ತ ನಿಂತಿದ್ದಳಂತೆ. ಅದನ್ನು ಕೇಳಿ ಶಂಕ್ರಪ್ಪನವರಿಗೆ ಸಮಾಧಾನವಾಯಿತು. ಸಿದ್ದಿಯವಳು, ಮೇಲೆ ನಾಟಕದವಳು. ಕೊನೆಗಾಲಕ್ಕಾದರೂ ತನ್ನ ಅಳತೆ ತಿಳಿದುಕೊಂಡಳಲ್ಲ!

ಆಕೆಯ ಅಳತೆ ಈ ಸೀಮೆಗೆ ಗೊತ್ತಾದದ್ದು ಐವತ್ತು ವರ್ಷದ ಹಿಂದೆ. ಗೌಹರ ಮುಂಡಗೋಡದ ಕಾಡಂಚಿನ ಹೆಣ್ಣು. ಹಿರಿಯರು ಯಾವುದೋ ಕಾಲಕ್ಕೆ ಆಫ್ರಿಕಾದಿಂದ ಬಂದವರು. ಕಂಪನಿ ನಾಟಕಗಳಲ್ಲಿ ಅಂಥವರಿಗೆ ರಾಕ್ಷಸಿಯ ಪಾತ್ರ ಸಿಕ್ಕರೆ ಹೆಚ್ಚು. ಆಕೆ ಮುಖಕ್ಕೆ ಬಿಳಿ ಬಣ್ಣ ಬಳಿಯದೆ, ತನ್ನ ಕಪ್ಪಿನಲ್ಲೇ ರಾಣಿಯಾಗಿ ರಂಗಕ್ಕೆ ಬಂದಳು. ಅಷ್ಟಕ್ಕೇ ನಿಲ್ಲಲಿಲ್ಲ. ಬಂಕಾಪುರದ ಕ್ಯಾಂಪಿನಲ್ಲಿ ಟಿಕೆಟ್ ಕೊಂಡ ಕೇರಿಯವರನ್ನು ಹಗ್ಗದಾಚೆ ನೆಲಕ್ಕೆ ಕೂರಿಸಿದ್ದನ್ನು ಕಂಡು, ಅವರಿಗೆ ಕುರ್ಚಿ ಕೊಡುವವರೆಗೆ ಪರದೆ ಏಳುವುದಿಲ್ಲ ಎಂದಳು. ಮುಂದಿನ ಸಾಲಿನ ದೊಡ್ಡವರು ಬೊಬ್ಬೆ ಹಾಕಿದರು. ಗದ್ದಲದಲ್ಲಿ ಹಾರಿ ಬಂದದ್ದೇನೋ ಬಡಿದು ಆಕೆಯ ಹಣೆ ಒಡೆಯಿತು. ರಕ್ತ ಒರೆಸಿಕೊಂಡು ಮತ್ತೆ ಅದನ್ನೇ ಹೇಳಿದಳು. ಕುರ್ಚಿ ಬಂದವು.

ಈಗ ಆಕೆಗೆ ದೊಡ್ಡ ಪ್ರಶಸ್ತಿ ಬಂದಿದೆ. ಹಾಗಾಗಿ ಅಂದು ಬೊಬ್ಬೆ ಹಾಕಿದವನೆಂದು ಒಬ್ಬನೂ ಸಿಗುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದವರೇ. ಶಂಕ್ರಪ್ಪನವರದು ಅದಕ್ಕೂ ಒಂದು ಕೈ ಮೇಲು. ಕಲ್ಲು ಎಸೆದವನು ಇನ್ನೊಂದು ಎತ್ತಿಕೊಳ್ಳುವಾಗ ಅವನ ಕೈ ಹಿಡಿದವನೇ ತಾನು ಎಂದು ಊರೆಲ್ಲ ಹೇಳಿ, ಸ್ಮರಣ ಸಂಚಿಕೆಯಲ್ಲೂ ಅಚ್ಚು ಹಾಕಿಸಿದ್ದರು. ಉತ್ತರನ ಪೌರುಷ ಒಲೆಯ ಮುಂದೆ ಎಂದು ನಗುವವರು ನಗುತ್ತಿದ್ದರು. ಆಕೆ ಮೈಕಿನಲ್ಲಿ ಒಮ್ಮೆ ಹೌದೆಂದರೆ ಸಾಕು, ಅವರ ಬಾಯಿ ಮುಚ್ಚುತ್ತದೆ, ಹೊಸ ರಂಗಮಂದಿರಕ್ಕೆ ಶಂಕ್ರಪ್ಪನವರ ಹೆಸರು ಬೀಳುತ್ತದೆ. ಇಲ್ಲವೆಂದರೆ ಇದ್ದ ಮಾನವೂ ಹೋಗುತ್ತದೆ.

ಶಂಕ್ರಪ್ಪನವರು ಹಲ್ಲು ಕಚ್ಚಿ ಚಪ್ಪಲಿ ಬಿಟ್ಟರು. ಊರು ನೋಡುತ್ತಿರುವಾಗಲೇ ಕುಂಟುತ್ತ ದೀಪದ ತನಕ ಹೋದರು. ಗೌಹರಬಾಯಿ ತಲೆ ಬಗ್ಗಿಸಿ ಅವರ ಪಾದಗಳನ್ನು ನೋಡಿದಳು, ಉಳಿದವರದಕ್ಕಿಂತ ತುಸು ಹೆಚ್ಚು ಹೊತ್ತು. ಎಂಥ ವಿನಯ ಎಂದು ಅವರಿಗೆ ಎದೆ ಉಬ್ಬಿತು. ಶಾಲು ಹೊದಿಸುವಾಗ ಬಂಕಾಪುರದ ಸಂಗತಿಯನ್ನು ಮೆಲ್ಲಗೆ ಕಿವಿಗೆ ಹಾಕಿದರು.

ಆಕೆ ಮೈಕು ಹಿಡಿದಳು. ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟಿತ್ತು.

"ಶಂಕ್ರಪ್ಪನವರು ಅವತ್ತ ಬಂಕಾಪುರದಾಗ ಇದ್ರು, ಖರೇ ಐತ್ರಿ. ನನ್ನ ಸಲುವಾಗಿ ಅವರು ಕಳಕೊಂಡದ್ದೊಂದು ನನ್ನ ಹತ್ರ ಉಳದೈತಿ. ಐವತ್ತ ವರ್ಸ ಜ್ವಾಪಾನ ಮಾಡೇನಿ. ಯಾರದಂತ ಇವತ್ತ ಗೊತ್ತಾತು."

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ತಾನು ಕಳೆದುಕೊಂಡದ್ದೇನೆಂದು ಶಂಕ್ರಪ್ಪನವರಿಗೆ ಹೊಳೆಯಲಿಲ್ಲ; ಆ ಸದ್ದಿನಲ್ಲಿ ಏನು ಹೊಳೆದೀತು! ಕುಂಟುವುದನ್ನೂ ಮರೆತು ಮುಂದೆ ಬಂದರು, ಗಂಟು ಬಿಚ್ಚಿದರು, ಒಳಗಿದ್ದುದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

ಎಡಗಾಲಿನ ಒಂದು ಹಳೆಯ ಚಪ್ಪಲಿ. ಹಿಮ್ಮಡಿ ಎರಡು ಬೆರಳು ದಪ್ಪ.