ನೀಲಿ ಟ್ಯಾಂಕಿನ ಹಿಂದಿನ ಸ್ಪೀಕರ್

ಐದನೆಯ ಸ್ಪೀಕರನ್ನೂ ಆತ ಬೇಡವೆಂದ.

“ಇದಲ್ಲ. ಎದುರು ಮನೆಯವರದು ಇನ್ನೂ ಸ್ಪಷ್ಟ. ಇದು ಕೊಡದೊಳಗೆ ಬಾಯಿಟ್ಟು ಮಾತಾಡಿದಂಗಿದೆ.”

ಕೌಂಟರಿನ ಹುಡುಗಿ ಸದ್ದಿಲ್ಲದೆ ಅದನ್ನು ಪೆಟ್ಟಿಗೆಗೆ ಸೇರಿಸಿದಳು. ಮಧ್ಯಾಹ್ನದ ಮೂರು ಗಂಟೆ. ಬೇರೆ ಗಿರಾಕಿಗಳಿರಲಿಲ್ಲ. ಆತ ಬಾಯಿ ತುಂಬ ಆಕಳಿಸಿದ. ಅದನ್ನು ನೋಡಿ ಬೆಳಗಿನಿಂದ ತಡೆದಿಟ್ಟಿದ್ದ ಅವಳ ಆಕಳಿಕೆಯೂ ಹೊರಬಂತು.

ಆತ ಆಂಬುಲೆನ್ಸ್ ಚಾಲಕ. ಕಣ್ಣುಗಳು ಕೆಂಡದ ಹಾಗಿದ್ದವು. ಬೇಕಾದದ್ದನ್ನು ಬಂದ ಕೂಡಲೇ ಹೇಳಿದ್ದ: ಕಿಟಕಿಯ ಹೊರಗೆ ಇಡುವಂಥದ್ದು, ಮಳೆಯಲ್ಲಿ ನೆನೆದರೂ ಕೆಡಬಾರದು, ಒಂದೇ ಕೈಯಲ್ಲಿ ಎತ್ತುವಂತಿರಬೇಕು, ಸದ್ದು ಮಾತ್ರ ಬೀದಿ ದಾಟಿ ಎದುರಿನ ತಾರಸಿಗೆ ಬಡಿಯಬೇಕು. ಪಾರ್ಟಿಗಾ ಎಂದು ಅಂಗಡಿಯ ಯಜಮಾನರು ಕೇಳಿದ್ದರು.

“ಯುದ್ಧಕ್ಕೆ,” ಎಂದಿದ್ದ, ನಗದೆ.

ಆ ಬೀದಿಗೆ ಆತ ಬಾಡಿಗೆಗೆ ಬಂದು ಆರು ವಾರವಾಗಿತ್ತು. ರಾತ್ರಿ ಪಾಳಿ ಮುಗಿಸಿ ಬಂದು ನಾಲ್ಕೂವರೆಗೆ ದಿಂಬಿಗೆ ತಲೆ ಇಡುತ್ತಾನೆ. ಸರಿಯಾಗಿ ಐದಕ್ಕೆ ಎದುರು ತಾರಸಿಯ ನೀಲಿ ಟ್ಯಾಂಕಿನ ಹಿಂದಿನಿಂದ ಹೆಣ್ಣುದನಿ ಶುರು. ಪ್ರಯಾಣಿಕರ ಗಮನಕ್ಕೆ. ಆರು ಹತ್ತರ ಬಸ್ಸು ಮೂರನೆಯ ಪ್ಲಾಟ್‌ಫಾರ್ಮಿನಿಂದ ಹೊರಡಲಿದೆ. ಒಂದಾದ ಮೇಲೊಂದು ಬಸ್ಸು, ಏಳು ಗಂಟೆಯವರೆಗೆ. ಯಾರೋ ನಿಲ್ದಾಣದ ಪ್ರಕಟಣೆಯನ್ನು ರೆಕಾರ್ಡ್ ಮಾಡಿ ತಂದು ಭಾರೀ ಸ್ಪೀಕರಿಗೆ ಹಾಕಿಬಿಡುತ್ತಾರೆ.

ಪಾರಿವಾಳ ಓಡಿಸಲಿಕ್ಕೆ ಇರಬೇಕು ಎಂದರು ಯಜಮಾನರು. ಅವರ ಭಾವ ಇದೇ ಕೆಲಸಕ್ಕೆ ದಿನವೂ ವಾರ್ತೆ ಹಾಕುತ್ತಿದ್ದನಂತೆ. ಪಾರಿವಾಳಗಳು ವಾರ್ತೆ ಮುಗಿಯುವವರೆಗೆ ಕೂತು ಕೇಳಿ ಆಮೇಲೆ ಹಾರುತ್ತಿದ್ದವಂತೆ.

ಚಾಲಕ ಒಮ್ಮೆ ಹೋಗಿ ಆ ಮನೆಯ ಬಾಗಿಲನ್ನೂ ತಟ್ಟಿದ್ದ. ಒಬ್ಬ ಅಜ್ಜಿ ಬಂದು, ನಮ್ಮನೆಯಲ್ಲಿ ಸ್ಪೀಕರ್ ಹಾಗಿರಲಿ, ರೇಡಿಯೋ ಕೂಡ ಇಲ್ಲ ಎಂದು ಕಣ್ಣು ಪಿಳುಕಿಸದೆ ಹೇಳಿ ಕಳಿಸಿದ್ದಳು.

“ದಿನಾ ಕನಸಲ್ಲಿ ಬಸ್ಸು ತಪ್ಪಿಸ್ಕೋತೀನಿ. ಎದ್ದು ಚಪ್ಪಲಿ ಹುಡುಕಿದ್ದೂ ಉಂಟು.”

ಯಜಮಾನರು ನಕ್ಕರು. ಆತ ನಗಲಿಲ್ಲ. ನಿನ್ನೆ ರಾತ್ರಿ ರೈಲ್ವೆ ಗೇಟಿನಲ್ಲಿ, ಹಿಂದೆ ರೋಗಿ ಮಲಗಿದ್ದಾಗಲೇ ಅವನ ಕಣ್ಣು ಮುಚ್ಚಿಹೋಗಿತ್ತು. ರೈಲು ಹೋದದ್ದು, ಗೇಟು ತೆರೆದದ್ದು ಯಾವುದೂ ತಿಳಿಯಲಿಲ್ಲ. ನರ್ಸು ಭುಜ ಹಿಡಿದು ಅಲುಗಿಸಬೇಕಾಯಿತು. ಇನ್ನೊಂದು ಸಲ ಹೀಗಾದರೆ ಗಾಡಿಯ ಕೀಲಿ ಇಟ್ಟು ಹೋಗು ಎಂದಿದ್ದಾರೆ ಆಸ್ಪತ್ರೆಯವರು.

“ಕೀಲಿ ಹೋದ್ರೆ ಹೋಗ್ಲಿ. ಹಿಂದೆ ಮಲಗಿರೋರು ಹೋಗಿಬಿಟ್ರೆ?”

ಯಜಮಾನರು ನಗು ನಿಲ್ಲಿಸಿ ಕಪಾಟಿನತ್ತ ತಿರುಗಿದರು.

ಹುಡುಗಿ ಮಾತಾಡುವವಳೇ ಅಲ್ಲ. ಅಂಗಡಿಯಲ್ಲಿ ಅವಳಿಗೆ ಮೌನಗೌರಿ ಎಂದೇ ಹೆಸರು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಎಷ್ಟು ಆಳದ ನೀರನ್ನು ತಡೆಯುತ್ತದೆ ಎಂಬುದನ್ನೆಲ್ಲ ಗಿರಾಕಿಗಳಿಗೆ ಚೀಟಿಯಲ್ಲಿ ಬರೆದು ತೋರಿಸುವಳು. ಸೋಮವಾರದ ರಜೆಯನ್ನೂ ಚೀಟಿಯಲ್ಲೇ ಕೇಳಿದ್ದಳು. ಬಾಯಿಬಿಟ್ಟು ಕೇಳಿದರೆ ಮಾತ್ರ ಕೊಡುತ್ತೇನೆ ಎಂದು ಎರಡು ದಿನ ಕಾಡಿಸಿ, ಯಜಮಾನರೇ ಸೋತು ಕೊಟ್ಟಿದ್ದರು.

ಅಂಥವಳು ಇವತ್ತು ತಾನಾಗಿಯೇ ಕೇಳಿದಳು. ಪಿಸುದನಿಯಲ್ಲಿ. ಆ ಸ್ಪೀಕರಿನ ಮಾತು ಎಲ್ಲಾದರೂ ತಡವರಿಸುತ್ತದೆಯೇ?

“ತಡವರಿಸೋದಾ? ನಿಲ್ದಾಣದ್ದೇ ದನಿ ತಂಗಿ ಅದು. ಮನುಷ್ಯರು ಯಾರಾದ್ರೂ ಅಷ್ಟು ನೀಟಾಗಿ ಮಾತಾಡ್ತಾರಾ?” ಆತ ಕಣ್ಣು ಮುಚ್ಚಿ ನೆನಪಿಸಿಕೊಂಡ. “ಹಾಂ, ಹನ್ನೊಂದು ಅನ್ನೋ ಕಡೆ ಮಾತ್ರ ಒಂಚೂರು ಎಳೆಯುತ್ತೆ. ರೆಕಾರ್ಡು ಹಳೇದಿರ್ಬೇಕು.”

ಅವಳು ಚೀಟಿಯಲ್ಲಿ ಏನೋ ಗುರುತು ಹಾಕಿಕೊಂಡಳು. ಮೊನ್ನೆಯ ಮಳೆಯಲ್ಲಿ?

“ಮಳೇಲೂ ನಿಲ್ಲಲಿಲ್ಲ. ಅದಕ್ಕೇ ವಾಟರ್‌ಪ್ರೂಫ್ ಬೇಕು ಅಂದಿದ್ದು. ಅವರದ್ರ ಮುಂದೆ ನಮ್ದು ಸೋಲಬಾರದು.”

ಹುಡುಗಿ ಸೀನಿದಳು. ಫ್ಲಾಸ್ಕಿನಿಂದ ಎರಡು ಗುಟುಕು ಬಿಸಿನೀರು ಕುಡಿದಳು.

ಯಜಮಾನರು ಗಾಜಿನ ಕಪಾಟಿನಿಂದ ಆರನೆಯದನ್ನು ಇಳಿಸಿದರು. ಸಣ್ಣ ಪೀಪಾಯಿಯಂಥದ್ದು, ಮೇಲೊಂದು ಹಿಡಿ. ಹಿತ್ತಲಿನ ಬಕೆಟ್ ತರಿಸಿ ನೀರಿನೊಳಗೇ ಅದ್ದಿದರು. ಅದು ನೀರಿನಲ್ಲಿ ಅರ್ಧ ಮುಳುಗಿಕೊಂಡೇ ಹಾಡಿತು. ಹೊರಗೆತ್ತಿ ಸದ್ದನ್ನು ಪೂರ್ತಿ ಬಿಟ್ಟಾಗ ಕಪಾಟಿನ ಗಾಜು ನಡುಗಿತು, ಬೀದಿಯ ನಾಯಿ ಎದ್ದು ಹೊರಟುಹೋಯಿತು. ಚಾಲಕನ ಮುಖದಲ್ಲಿ ಮೊದಲ ಸಲ ಜೀವ ಬಂತು.

“ಇದೇ. ಬಿಲ್ ಹಾಕಿ.”

ಹುಡುಗಿ ಕೈ ಚಾಚಿ ಗುಂಡಿ ಒತ್ತಿದಳು. ಅಂಗಡಿ ಒಮ್ಮೆಗೇ ಖಾಲಿಯಾದಂತಾಯಿತು.

“ಬೇಡ ಅಣ್ಣ. ಸದ್ದಿನ ಮೇಲೆ ಸದ್ದು ಹಾಕಿದ್ರೆ ನಿದ್ದೆ ಎಲ್ಲಿಂದ ಬರುತ್ತೆ?”

ಯಜಮಾನರು ಕೆಮ್ಮಿದರು. ಅವಳು ಅತ್ತ ನೋಡಲಿಲ್ಲ.

“ಎರಡು ದಿನ ನೋಡಿ. ಆಮೇಲೂ ಬೇಕನ್ಸಿದ್ರೆ ಬನ್ನಿ, ಇದನ್ನ ನಿಮಗೇ ಅಂತ ತೆಗೆದಿಟ್ಟಿರ್ತೀನಿ. ಆದ್ರೆ ಅವರ ಸ್ಪೀಕರ್ ಇನ್ನು ಬಾಳಲ್ಲ. ಆ ಮಾಡೆಲ್ ನಂಗೆ ಗೊತ್ತು.”

ವಾದಿಸುವಷ್ಟು ತ್ರಾಣ ಆತನಿಗಿರಲಿಲ್ಲ. ಕಣ್ಣುಜ್ಜಿಕೊಂಡ.

“ನಿನ್ ಬಾಯಿಗೆ ಸಕ್ಕರೆ ಬೀಳ್ಲಿ ತಂಗಿ,” ಎಂದು ಮೆಟ್ಟಿಲಿಳಿದು ಹೋದ.

ಯಜಮಾನರು ಬಕೆಟ್ಟನ್ನೇ ನೋಡುತ್ತ ನಿಂತರು. “ವಾರಕ್ಕೊಂದು ಮಾತಾಡ್ತೀಯ. ಅದೂ ಬಂದ ಗಿರಾಕಿನ ಓಡಿಸೋಕಾ? ಯಾವ ಮಾಡೆಲ್ಲಮ್ಮ ಅದು, ನಂಗೇ ಗೊತ್ತಿಲ್ದೇ ಇರೋದು?”

“ಅಂಗಡೀಲಿ ಸಿಗಲ್ಲ ಸಾರ್,” ಎಂದು ಅವಳು ಒದ್ದೆ ಸ್ಪೀಕರನ್ನು ಒರೆಸತೊಡಗಿದಳು.

ಮರುದಿನ ಬೆಳಿಗ್ಗೆ ಐದಕ್ಕೆ, ಪ್ರಕಟಣೆ ಹೇಳುವವರನ್ನು ಆರಿಸಲು ಬಸ್ ನಿಲ್ದಾಣದವರು ಸೋಮವಾರ ನಡೆಸುವ ಧ್ವನಿಪರೀಕ್ಷೆಗೆ ಇನ್ನು ನಾಲ್ಕೇ ದಿನ ಉಳಿದಿರುವಾಗ, ಮೌನಗೌರಿ ಅಜ್ಜಿಯ ಶಾಲು ಹೊದ್ದು ಎಂದಿನಂತೆ ನೀಲಿ ಟ್ಯಾಂಕಿನ ಹಿಂದೆ ನಿಂತಳು. ಎದುರಿನ ಕತ್ತಲೆ ಕಿಟಕಿಯನ್ನೊಮ್ಮೆ ನೋಡಿ, ವೇಳಾಪಟ್ಟಿಯ ಮೊದಲ ಸಾಲಿಗೆ ಬೆರಳಿಟ್ಟು, ಒಂದಿಷ್ಟೂ ದನಿ ಹೊರಡದಂತೆ ತುಟಿಗಳನ್ನಷ್ಟೇ ಆಡಿಸಿದಳು: ಪ್ರಯಾಣಿಕರ ಗಮನಕ್ಕೆ.