ಏರಿನಲ್ಲಿ ನಿಂತ ಮದುವೆ ಜೀಪು

ಪೆಟ್ರೋಲ್ ವಾಸನೆ ಕೈಗೆ ಹತ್ತಿದಾಗಲೆಲ್ಲ ನನಗೆ ಮೋರಟಗಿ ದಾರಿಯ ಆ ಏರು ನೆನಪಾಗುತ್ತದೆ.

ಚಿಕ್ಕಪ್ಪನ ಮದುವೆಗೆ ಬಾಡಿಗೆ ಗಾಡಿ ಬೇಡವೆಂದು ಹಟ ಹಿಡಿದ ಅಪ್ಪ, ಮದುಮಗನನ್ನು ತನ್ನ ಹಳೆಯ ಜೀಪಿನಲ್ಲೇ ಕರೆದೊಯ್ಯುತ್ತಿದ್ದ. ಅಕ್ಕಿಕಾಳು ಹಾಕುವ ಮುಹೂರ್ತ ಹತ್ತಿರವಾಗಿತ್ತು. ಏರಿನ ನಡುವೆ ಜೀಪು ನಿಂತೇಬಿಟ್ಟಿತು. ಸ್ಟೀರಿಂಗ್ ಹಿಡಿದ ಅಪ್ಪನನ್ನೂ ನನ್ನನ್ನೂ ಮದುಮಗನನ್ನೂ ಬಿಟ್ಟು ಉಳಿದವರು ಇಳಿದು ತಳ್ಳಿದರು. ಅದು ಕದಲಲಿಲ್ಲ.

“ಹಿಂದಕ್ಕ ಉರುಳಬಿಟ್ರ ಚಾಲೂ ಆಗ್ತೈತ್ರಿ ಮಾಮಾ,” ಎಂದ ಅಪ್ಪ.

ಅವನ ಸೋದರಮಾವ ಅಡ್ಡ ನಿಂತ. “ಮದುಮಗ ಕುಂತ ಗಾಡಿ ಹಿಂದಕ್ಕ ಹೋಗಬಾರದೋ! ಅವನ್ನ ದಾರ್ಯಾಗ ಇಳಸೂದೂ ಬ್ಯಾಡ. ಗುಜರಿಗೆ ಹಾಕೂ ಗಾಡಿ ತಂದು ಮರ್ಯಾದಿ ಕಳದಿ ನೋಡು.”

ಅಪ್ಪನ ಮುಖ ಕಪ್ಪಿಟ್ಟಿತು. ಆಗ ಅಜ್ಜಿ ಮುಂದೆ ಬಂದಳು.

“ಮದುಮಗನ ಮಾರಿ ಹಿಂದಕ್ಕ ತಿರುವ್ರಿ. ಗಾಡಿ ಹಿಂದಕ್ಕ ಹೋದ್ರೂ ಅವ ಮುಂದ ಹೊಂಟಂಗ ಆಗ್ತೈತಿ.”

ಚಿಕ್ಕಪ್ಪ ಬಾಸಿಂಗ ಹಿಡಿದುಕೊಂಡು ಸೀಟಿನ ಮೇಲೆ ಮೊಣಕಾಲೂರಿ ತಿರುಗಿ ಕುಳಿತ. ಅಪ್ಪ ರಿವರ್ಸ್ ಗೇರ್ ಹಾಕಿ ಬ್ರೇಕ್ ಬಿಟ್ಟ; ಜೀಪು ಹಿಂದಕ್ಕೆ ಉರುಳತೊಡಗಿತು. ಒಮ್ಮೆ ಕೆಮ್ಮಿ ಸುಮ್ಮನಾಯಿತು. ಕೆಳಗಿನ ಹಳ್ಳದ ಸೇತುವೆ ಇನ್ನೇನು ಬಂತೆನ್ನುವಾಗ ಎಂಜಿನ್ ಗುಡುಗಿತು.

“ನನ್ನ ಗಾಡಿ ಕೈ ಕೊಡಂಗಿಲ್ಲ ಅಂತ ಹೇಳಿದ್ದಿಲ್ಲೇನ್ರಿ ಮಾಮಾ!” ಎಂದು ಅಪ್ಪ ಏರಿನ ಮೇಲಿದ್ದವರಿಗೆಲ್ಲ ಕೇಳುವಂತೆ ಕೂಗಿದ. ನಾನು ಪಕ್ಕದಲ್ಲೇ ಇದ್ದೆ. ಕ್ಲಚ್ ಮೇಲಿದ್ದ ಅವನ ಕಾಲು ಗಡಗಡ ನಡುಗುತ್ತಿತ್ತು.